ಬೂದಿ ಎಲ್ಲಿಂದ ಬಂತು ಅಂತ ಕೇಳಿದ ಮಾಸ್ತರ: ಡಾ. ಎಚ್. ನರಸಿಂಹಯ್ಯ



ಬಾಬಾಸಾಹೇಬರ ಚರಿತ್ರೆ ನಿಮಗೆ ಬಾಯಿಪಾಠ ಅದ. ಜೋತಿಬಾ-ಸಾವಿತ್ರಿಬಾಯಿ ಫುಲೆ ಗೊತ್ತು. ಕೈಯಲ್ಲಿ ಕಸಬರಿಗಿ ಹಿಡಿದು ಊರೂರು ಗುಡಿಸಿದ ಗಾಡಗೆ ಬಾಬಾ ಗೊತ್ತು. ಈ ಸಲ ನಾನು ಹೇಳಬೇಕೆಂದಿರುವುದು ಕರ್ನಾಟಕದ ಒಬ್ಬ ಮಾಸ್ತರರ ಬಗ್ಗೆ. ನಾವು ಮನೆಯಲ್ಲಿ ಕನ್ನಡ ಮಾತಾಡಿದರೂ ಸಾಲಿಯಲ್ಲಿ ಮರಾಠಿ ಓದಿದವರು. ಅದಕ್ಕೆ ಗಡಿಯಾಚೆಯ ಇಂಥವರ ಹೆಸರು ನಮ್ಮ ಪುಸ್ತಕದಲ್ಲಿ ಬರಲಿಲ್ಲ. ಅವರ ಹೆಸರು ಡಾ. ಹೊಸೂರು ನರಸಿಂಹಯ್ಯ. ಕರ್ನಾಟಕದ ಮಂದಿ ಪ್ರೀತಿಯಿಂದ ಎಚ್ಚೆನ್ ಎನ್ನುತ್ತಿದ್ದರು. ಅವರು ತೀರಿಕೊಂಡು ಇಪ್ಪತ್ತು ವರ್ಷ ಆಗಿಹೋಯಿತು. ಆದರೆ ಅವರು ಕೇಳಿದ ಪ್ರಶ್ನೆ ನಮ್ಮ ಓಣಿಗೆ ಇನ್ನೂ ಬರಬೇಕಾಗಿದೆ.

ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮ ಅಜ್ಜಿಗೆ ಒಬ್ಬ ತಂಗಿ ಇದ್ದಳು. ಸಣ್ಣ ವಯಸ್ಸಿನಲ್ಲೇ ಗಂಡ ಸತ್ತವಳು, ಕೂಲಿ ಮಾಡಿ ತನ್ನ ಹೊಟ್ಟೆ ತಾನು ಹೊರೆದುಕೊಂಡವಳು. ಒಂದು ಮಳೆಗಾಲ ಪಕ್ಕದ ಮನೆಯ ಕೂಸು ಜ್ವರ ಬಂದು ಸತ್ತಿತು. ಮನೆಯವರು ದೇವರಿಷಿಯ ಹತ್ತಿರ ಹೋದರು. ಅವನು ಅಕ್ಕಿಕಾಳು ಎಣಿಸಿ, ಮೈ ನಡುಗಿಸಿ, ಇದು ಭಾನಾಮತಿ, ಮಾಡಿದವಳು ಗಂಡ ಇಲ್ಲದವಳು, ಮನೆಯ ಮುಂದೆ ಬೇವಿನ ಗಿಡ ಅದ ಎಂದನಂತೆ. ಹೆಸರು ಹೇಳಲಿಲ್ಲ. ಹೆಸರು ಹಚ್ಚಿದವರು ನಮ್ಮವರೇ. ಅಂದಿನಿಂದ ಸಾಯುವ ತನಕ ಆಕೆಯ ಮನೆಯಿಂದ ಯಾರೂ ಒಲೆಗೆ ಬೆಂಕಿ ತರಲಿಲ್ಲ, ಆಕೆಯ ಕೈಗೆ ಕೂಸು ಕೊಡಲಿಲ್ಲ. ಮೇಲಿನ ಜಾತಿಯವರು ನಮ್ಮನ್ನು ಮುಟ್ಟದಿದ್ದದ್ದು ನಮಗೆ ನೆನಪದ. ನಾವು ಆ ಮುದುಕಿಯನ್ನು ಮುಟ್ಟದಿದ್ದದ್ದನ್ನು ಮರೆತುಬಿಟ್ಟೆವು. ಎಚ್ಚೆನ್ ಅವರ ಜೀವನ ಓದುವಾಗ ನನಗೆ ಆಕೆಯದೇ ನೆನಪಾಯಿತು.

ಈಗ ಕಥೆಗೆ ಬರೋಣ. ನರಸಿಂಹಯ್ಯನವರು ಹುಟ್ಟಿದ್ದು 1920ರ ಜೂನ್ 6ರಂದು, ಆಗಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲೂಕಿನ ಹೊಸೂರು ಎಂಬ ಹಳ್ಳಿಯಲ್ಲಿ. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಹಿಂದುಳಿದ ಸಮಾಜದ ಬಡ ಕುಟುಂಬ. ತಾಯಿ ಕೂಲಿ ಮಾಡಿ ಮಕ್ಕಳನ್ನು ಸಾಕಿದವರು. ಹಳ್ಳಿಯ ಸಾಲಿ ಮುಗಿದ ಮೇಲೆ ಮುಂದೆ ಓದಿಸುವ ತಾಕತ್ತು ಮನೆಯಲ್ಲಿ ಇರಲಿಲ್ಲ. ಆದರೆ ಅವರ ಮಾಸ್ತರರೊಬ್ಬರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಹೋಗಿದ್ದರು. ಹುಡುಗನ ಬುದ್ಧಿ ಕಂಡಿದ್ದ ಅವರು ಅಲ್ಲಿಗೆ ಬಾ ಎಂದು ಕರೆದರು.

ಬಸ್ಸಿನ ಚಾರ್ಜಿಗೆ ರೊಕ್ಕ ಎಲ್ಲಿಂದ ಬರಬೇಕು? 1935ರಲ್ಲಿ, ಹದಿನೈದು ವರ್ಷದ ಆ ಹುಡುಗ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಹೋದ. 80 ಕಿಲೋಮೀಟರಿನಷ್ಟು ದಾರಿ, ಎರಡು ದಿನ. ನಮ್ಮ ಕಾಸಾರಶಿರಸಿಯಿಂದ ಲಾತೂರಿಗೆ ನಡೆದು ಹೋದ ಲೆಕ್ಕ, ಅದಕ್ಕೂ ಒಂದಿಷ್ಟು ಜಾಸ್ತಿಯೇ. ಸಂಘದ ಹುಡುಗರೇ, ಕಾಲೇಜಿಗೆ ಹೋಗಲು ಬಸ್ಸು ತಡವಾಯಿತೆಂದು ಮನೆಗೆ ತಿರುಗಿ ಬರುವ ದಿನ ಈ ಹುಡುಗನನ್ನು ನೆನಸಿಕೊಳ್ಳಿರಿ.

ಬೆಂಗಳೂರಿನಲ್ಲಿ ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಇದ್ದು ಓದಿದರು. 1936ರಲ್ಲಿ ಗಾಂಧೀಜಿ ಅವರ ಹೈಸ್ಕೂಲಿಗೆ ಬಂದಾಗ ಹಿಂದಿ ಭಾಷಣವನ್ನು ಕನ್ನಡಕ್ಕೆ ಮಾಡಿ ಹೇಳಿದ್ದು ಇದೇ ಹುಡುಗ. ಅಂದಿನಿಂದ ಖಾದಿ ಅವರ ಮೈಬಿಡಲಿಲ್ಲ. ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಓದುತ್ತಿದ್ದಾಗ 1942ರ ಚಲೇಜಾವ್ ಚಳವಳಿ ಬಂತು. ಕಾಲೇಜು ಬಿಟ್ಟು ಚಳವಳಿಗೆ ಇಳಿದರು, ಜೈಲು ಸೇರಿದರು. ಅವರು ಇದ್ದ ಜೈಲುಗಳಲ್ಲಿ ನಮ್ಮ ಪುಣೆಯ ಯೇರವಡಾ ಜೈಲೂ ಒಂದು. ಬಿಡುಗಡೆಯಾಗಿ ಬಂದು ಬಿಟ್ಟ ಓದು ಹಿಡಿದು ಎಂ.ಎಸ್ಸಿ. ಮುಗಿಸಿದರು. 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಮಾಸ್ತರರಾಗಿ ಸೇರಿದರು. ಆಮೇಲೆ ಅಮೆರಿಕದ ಓಹಾಯೊ ಸ್ಟೇಟ್ ಯುನಿವರ್ಸಿಟಿಗೆ ಹೋಗಿ, ಪರಮಾಣುವಿನ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿ 1960ರ ಹೊತ್ತಿಗೆ ತಿರುಗಿ ಬಂದರು. ಕೂಲಿ ಮಾಡಿದ ತಾಯಿಯ ಮಗ.

ಅಲ್ಲೇ ಉಳಿದಿದ್ದರೆ ಬಂಗಲೆ, ಕಾರು ಎಲ್ಲ ಆಗುತ್ತಿತ್ತು. ಆದರೆ ಅವರು ಬಂದು ಸೇರಿದ್ದು ಹಳೆಯ ಕಾಲೇಜಿಗೇ. ಲಗ್ನ ಮಾಡಿಕೊಳ್ಳಲಿಲ್ಲ. ಹಾಸ್ಟೆಲಿನ ಒಂದು ಸಣ್ಣ ಕೋಣೆ, ಒಂದು ಧೋತರ, ಒಂದು ಜುಬ್ಬಾ, ತಲೆಯ ಮೇಲೆ ಗಾಂಧಿ ಟೋಪಿ. ಕಡೆಯ ತನಕ ಅಷ್ಟೇ ಸಂಸಾರ. ಕಾಲೇಜಿನ ಪ್ರಿನ್ಸಿಪಾಲರಾದರು, 1972ರಿಂದ 1977ರ ತನಕ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಆದರೂ ಕೋಣೆ ಬದಲಾಗಲಿಲ್ಲ. ಗೌರಿಬಿದನೂರು, ಬಾಗೇಪಲ್ಲಿಯಂಥ ಬರಗಾಲದ ತಾಲೂಕುಗಳಲ್ಲಿ ನ್ಯಾಷನಲ್ ಕಾಲೇಜು ತೆರೆಯಲು ದುಡಿದರು. ತಾವು ನಡೆದು ಬಂದ ದಾರಿಯನ್ನು ಹಿಂದೆ ಬರುವ ಮಕ್ಕಳು ನಡೆಯಬಾರದು ಎಂಬುದೇ ಅವರ ವಿಚಾರ.

1962ರಲ್ಲಿ ಅವರು ಬೆಂಗಳೂರು ವಿಜ್ಞಾನ ವೇದಿಕೆ ಎಂಬ ಕೂಟ ಕಟ್ಟಿದರು. ವಾರಕ್ಕೊಮ್ಮೆ ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು ಸಾಮಾನ್ಯ ಮಂದಿಗೆ ತಿಳಿಯುವ ಹಾಗೆ ಹೇಳುವುದು, ಫೀ ಇಲ್ಲ, ಯಾರು ಬೇಕಾದರೂ ಬರಬಹುದು, ಏನು ಬೇಕಾದರೂ ಕೇಳಬಹುದು. ಪ್ರಶ್ನೆ ಕೇಳುವ ಚಟ ಹತ್ತಿಸುವುದೇ ಶಿಕ್ಷಣ ಎಂದು ಅವರು ನಂಬಿದ್ದರು. ಹಿರಿಯರು ಹೇಳಿದರು, ಪುಸ್ತಕದಲ್ಲಿ ಬರೆದದ್ದದ, ಬಹಳ ಮಂದಿ ನಂಬುತ್ತಾರೆ ಎಂಬ ಕಾರಣಕ್ಕೆ ಯಾವುದನ್ನೂ ಖರೆ ಅಂತ ಒಪ್ಪಬಾರದು ಎಂದು ಹುಡುಗರಿಗೆ ಕಲಿಸುತ್ತಿದ್ದರು. ಬುದ್ಧರು ಕಾಲಾಮರಿಗೆ ಹೇಳಿದ ಉಪದೇಶ ಗೊತ್ತಿರುವ ನಿಮಗೆ ಇದು ಹೊಸದೇನಲ್ಲ.

ಅವರು ಕುಲಪತಿಯಾಗಿದ್ದಾಗಲೇ ದೊಡ್ಡ ಗದ್ದಲ ಎದ್ದದ್ದು. 1976ರಲ್ಲಿ ಅವರು ವಿಶ್ವವಿದ್ಯಾಲಯದಿಂದ ಒಂದು ಸಮಿತಿ ಮಾಡಿದರು. ಪವಾಡಗಳನ್ನೂ, ಪರೀಕ್ಷೆ ಮಾಡಬಹುದಾದಂಥ ಮೂಢನಂಬಿಕೆಗಳನ್ನೂ ವಿಜ್ಞಾನದ ರೀತಿಯಲ್ಲಿ ತಪಾಸಣೆ ಮಾಡುವ ಸಮಿತಿ ಅದು. ಇದರೊಳಗಿನ ಪರೀಕ್ಷೆ ಎಂಬ ಮಾತನ್ನು ಗಮನಿಸಿರಿ. ದೇವರು ಇದ್ದಾನೋ ಇಲ್ಲವೋ ಎಂದು ಆ ಸಮಿತಿ ವಾದಕ್ಕೆ ಕೂಡಲಿಲ್ಲ. ಒಬ್ಬ ಮನುಷ್ಯ ಬರಿಗೈಯಿಂದ ಬೂದಿ ಬರಿಸುತ್ತೇನೆ ಎಂದರೆ, ಆ ಬೂದಿ ಕೈಗೆ ಬಂದದ್ದು ಎಲ್ಲಿಂದ ಎಂದು ನೋಡಬಹುದಲ್ಲ? ಅಷ್ಟೇ ಅವರ ಕೆಲಸ.

ಮಂಡ್ಯ ಜಿಲ್ಲೆಯ ಪಾಂಡವಪುರದಲ್ಲಿ ಒಬ್ಬ ಸಣ್ಣ ಹುಡುಗ ಅವತಾರ ಅಂತ ಹೆಸರಾಗಿದ್ದ. ಅವನ ಮೈಯಿಂದ ವಿಭೂತಿ ಉದುರುತ್ತದೆ ಎಂದು ಮಂದಿ ಸಾಲುಗಟ್ಟಿ ಹೋಗುತ್ತಿದ್ದರು. ಸಮಿತಿಯವರು ಅಲ್ಲಿಗೆ ಹೋಗಿ ಹತ್ತಿರದಿಂದ ನೋಡಿದರು. ಬೂದಿ ಮೈಯಿಂದ ಬರುತ್ತಿರಲಿಲ್ಲ, ಅಂಗಿಯೊಳಗೆ ಮೊದಲೇ ಬಚ್ಚಿಟ್ಟದ್ದಾಗಿತ್ತು. ಮರುದಿನದಿಂದ ಪೇಪರಿನಲ್ಲಿ ಅದೇ ಸುದ್ದಿ. ನನಗೆ ಆ ಹುಡುಗನ ಮೇಲೆ ಸಿಟ್ಟು ಬರುವುದಿಲ್ಲ. ಆಟ ಆಡುವ ವಯಸ್ಸಿನ ಕೂಸಿಗೆ ದೇವರ ವೇಷ ಹಾಕಿ ಕೂಡಿಸಿದ ದೊಡ್ಡವರ ಮೇಲೆ ಬರುತ್ತದೆ.

ಎಚ್ಚೆನ್ ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೂ ಪತ್ರ ಬರೆದರು. ತಾವು ಶೂನ್ಯದಿಂದ ವಿಭೂತಿ, ಉಂಗುರ ತರಿಸುತ್ತೀರಿ ಎನ್ನುತ್ತಾರೆ, ಸಮಿತಿಯ ಎದುರಿಗೆ, ನಾವು ಹೇಳಿದ ವ್ಯವಸ್ಥೆಯಲ್ಲಿ ಅದನ್ನು ತೋರಿಸಬೇಕು ಎಂದು ಗೌರವದಿಂದಲೇ ಕೇಳಿದ್ದರು. ಒಂದಲ್ಲ, ಮೂರು ಪತ್ರ. ಒಪ್ಪಿಗೆ ಬರಲಿಲ್ಲ. ಆತ್ಮದ ವಿಷಯ ವಿಜ್ಞಾನಕ್ಕೆ ಎಟಕುವಂಥದ್ದಲ್ಲ ಎಂಬ ಅರ್ಥದ ಮಾತು ಆ ಕಡೆಯಿಂದ ಬಂತು. ಪರೀಕ್ಷೆ ನಡೆಯಲೇ ಇಲ್ಲ. ಉಂಗುರ ಬೆರಳ ಸಂದಿಯಲ್ಲಿ, ತೋಳಿನಲ್ಲಿ ಅಡಗುತ್ತದೆ, ಒಂದು ಕುಂಬಳಕಾಯಿ ಬರಿಸಲಿ ನೋಡೋಣ ಎಂಬ ಎಚ್ಚೆನ್ ಅವರ ಸವಾಲು ಮಾತ್ರ ಊರೂರಿನ ಚಹದಂಗಡಿಗೆ ಮುಟ್ಟಿತು.

ಭಕ್ತರು ಸಿಟ್ಟಾದರು. ಕುಲಪತಿಗೆ ಇದೆಲ್ಲಾ ಯಾಕೆ ಬೇಕಿತ್ತು ಎಂದರು. ತಿಂಗಳುಗಟ್ಟಲೆ ಪೇಪರಿನಲ್ಲಿ ಪರ-ವಿರೋಧ ನಡೆಯಿತು. ದೊಡ್ಡ ದೊಡ್ಡ ಅಧಿಕಾರಿಗಳು, ಮಂತ್ರಿಗಳು, ಓದಿದ ವಿಜ್ಞಾನಿಗಳೂ ಪವಾಡ ನಂಬುತ್ತಿದ್ದ ಕಾಲ ಅದು. ಕುರ್ಚಿಯ ಮೇಲೆ ಆಸೆ ಇದ್ದವನಾಗಿದ್ದರೆ ಸುಮ್ಮನಾಗುತ್ತಿದ್ದ. ಒಂದು ಧೋತರ, ಒಂದು ಕೋಣೆ ಇದ್ದವನಿಂದ ಯಾರು ಏನು ಕಸಿದುಕೊಳ್ಳಬೇಕು? 1977ರಲ್ಲಿ ಅವರ ಅವಧಿ ಮುಗಿಯಿತು, ಸಮಿತಿಯೂ ಮುಗಿಯಿತು. ಒಂದು ತಮಾಷೆ ನೋಡಿರಿ. ಸಮಿತಿ ಆದ 1976ರಲ್ಲೇ ನಮ್ಮ ಸಂವಿಧಾನಕ್ಕೆ 42ನೇ ತಿದ್ದುಪಡಿ ಆಯಿತು. ಅದರಿಂದ ಬಂದ 51ಎ ಕಲಮಿನಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎಂದು ಬರೆದಿದೆ. ಎಚ್ಚೆನ್ ಆ ಕರ್ತವ್ಯವನ್ನು ಕಾಯ್ದೆ ಬರುವ ಮೊದಲೇ ಶುರು ಮಾಡಿದ್ದರು.

ಇದೆಲ್ಲ ನಮ್ಮ ದೇಶದ ಅಡಾಣಿ ಮಂದಿಯ ರೋಗ ಎಂದು ತಿಳಿಯಬೇಡಿರಿ. ಎಚ್ಚೆನ್ ಓದಿದ ಅಮೆರಿಕದಲ್ಲಿಯೂ ಇದೇ ಧಂದೆ ಜೋರಾಗಿತ್ತು. 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳಿಯಲ್ಲಿ ಫಾಕ್ಸ್ ಎಂಬ ಮನೆತನದ ಅಕ್ಕ-ತಂಗಿಯರು ಸತ್ತವರ ಆತ್ಮ ಟಕ್ ಟಕ್ ಸದ್ದು ಮಾಡಿ ಉತ್ತರ ಕೊಡುತ್ತದೆ ಎಂದರು. ದೇಶವೇ ಅವರ ಹಿಂದೆ ಬಿತ್ತು. ನಲವತ್ತು ವರ್ಷದ ಮೇಲೆ, 1888ರಲ್ಲಿ, ಅವರಲ್ಲೊಬ್ಬಾಕೆ ಕಾಲಿನ ಬೆರಳ ಕೀಲು ಮುರಿದು ಸದ್ದು ಮಾಡುತ್ತಿದ್ದೆವು ಎಂದು ಜನರ ಮುಂದೆ ಒಪ್ಪಿಕೊಂಡಳು. ಆದರೂ ಧಂದೆ ನಿಲ್ಲಲಿಲ್ಲ. ಮೊದಲ ಮಹಾಯುದ್ಧದಲ್ಲಿ, 1918ರ ಫ್ಲೂ ಬೇನೆಯಲ್ಲಿ ಲಕ್ಷಗಟ್ಟಲೆ ಮಂದಿ ಸತ್ತಾಗ ಇನ್ನೂ ಜೋರಾಯಿತು. ಮಗನನ್ನು ಕಳಕೊಂಡ ತಾಯಿಗೆ ಮಗನ ದನಿ ಕೇಳಿಸುತ್ತೇನೆ ಎಂದರೆ ಆಕೆ ಮೈಮೇಲಿನ ಬಂಗಾರ ಬಿಚ್ಚಿ ಕೊಡದೆ ಇರುತ್ತಾಳೆಯೆ?

ಅಲ್ಲಿ ಅವರ ಬೆನ್ನು ಹತ್ತಿದವನು ಹ್ಯಾರಿ ಹೂಡಿನಿ ಎಂಬ ಜಾದೂಗಾರ. ಅವನ ತಾಯಿ 1913ರಲ್ಲಿ ಸತ್ತಿದ್ದಳು. ತಾಯಿಯ ಮೇಲೆ ಜೀವ ಇಟ್ಟಿದ್ದ ಅವನೂ ಆತ್ಮ ಕರೆಯುವವರ ಬಾಗಿಲಿಗೆ ಹೋದವನೇ. 1922ರಲ್ಲಿ ಷರ್ಲಾಕ್ ಹೋಮ್ಸ್ ಕಥೆ ಬರೆದ ಕಾನನ್ ಡಾಯಲ್ ಅವರ ಹೆಂಡತಿ, ಹೂಡಿನಿಯ ತಾಯಿಯ ಆತ್ಮ ತನ್ನ ಕೈಯಿಂದ ಬರೆಸುತ್ತಿದೆ ಎಂದು ಹಾಳೆಗಟ್ಟಲೆ ಇಂಗ್ಲಿಷ್ ಬರೆದು ಕೊಟ್ಟಳು. ಮೊದಲ ಹಾಳೆಯ ಮೇಲೆ ಶಿಲುಬೆಯ ಗುರುತು. ಹೂಡಿನಿಯ ತಾಯಿ ಯಹೂದಿ ಧರ್ಮಗುರುವಿನ ಹೆಂಡತಿ, ಇಂಗ್ಲಿಷ್ ಬಾರದವಳು. ಆಮೇಲೆ ಅವನು ಸುಮ್ಮನೆ ಕೂಡಲಿಲ್ಲ. ಸುಳ್ಳು ಗಡ್ಡ ಹಚ್ಚಿಕೊಂಡು, ಕತ್ತಲ ಕೋಣೆಗಳಲ್ಲಿ ಗಿರಾಕಿಯ ಹಾಗೆ ಕೂತು ಅವರ ಕೈಚಳಕ ಹಿಡಿದ. 1926ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಹೋಗಿ ಈ ಮೋಸಕ್ಕೆ ಕಾಯ್ದೆ ಬೇಕು ಎಂದು ಸಾಕ್ಷಿ ಹೇಳಿದ. ಕಾಯ್ದೆ ಆಗಲಿಲ್ಲ, ಅದೇ ವರ್ಷ ಅವನು ಸತ್ತ. ಅವನ ಹೆಂಡತಿ ಹತ್ತು ವರ್ಷ ಗಂಡನ ಪುಣ್ಯತಿಥಿಗೆ ದೀಪ ಹಚ್ಚಿ ಅವನ ಆತ್ಮದ ಸುದ್ದಿಗೆ ಕಾದು, ಯಾರೂ ಬರಲಿಲ್ಲ ಎಂದು ದೀಪ ಆರಿಸಿದಳು.

ಆ ಕತ್ತಲ ಕೋಣೆಯವರು ಹೆಂಗ ಮಾಡುತ್ತಿದ್ದರು ಗೊತ್ತೇನು? ಬರುವ ಗಿರಾಕಿಯ ಮನೆಯ ಸುದ್ದಿ ಮೊದಲೇ ಕಲೆಹಾಕುತ್ತಿದ್ದರು. ಗೊತ್ತಿಲ್ಲದ್ದನ್ನು ಎಲ್ಲರಿಗೂ ಒಪ್ಪುವ ಹಾಗೆ ಅರ್ಧ ಹೇಳುತ್ತಿದ್ದರು, ಉಳಿದ ಅರ್ಧ ದುಃಖದಲ್ಲಿದ್ದವರೇ ತುಂಬಿಕೊಳ್ಳುತ್ತಿದ್ದರು. ಈಗ ನಮ್ಮ ದೇವರಿಷಿಯ ಮಾತು ಇನ್ನೊಮ್ಮೆ ಓದಿರಿ. ಗಂಡ ಇಲ್ಲದವಳು, ಮನೆಯ ಮುಂದೆ ಬೇವಿನ ಗಿಡ. ನಮ್ಮ ಯಾವ ಊರಿನಲ್ಲಿ ಗಂಡ ಸತ್ತ ಹೆಂಗಸಿಲ್ಲ? ಯಾವ ಓಣಿಯಲ್ಲಿ ಬೇವಿನ ಗಿಡ ಇಲ್ಲ?

ಎಚ್ಚೆನ್ ಸಮಿತಿ ಮಾಡಿದ 1976ರಲ್ಲಿ ಅಮೆರಿಕದಲ್ಲಿಯೂ ಇಂಥ ದಾವೆಗಳನ್ನು ತಪಾಸಣೆ ಮಾಡಲು ವಿಜ್ಞಾನಿಗಳು, ಜಾದೂಗಾರರು ಸೇರಿ ಒಂದು ಮಂಡಳಿ ಮಾಡಿಕೊಂಡರು. ಮುಂದೆ ಆ ಮಂಡಳಿ ನಮ್ಮ ಎಚ್ಚೆನ್ ಅವರನ್ನೂ ಗೌರವದಿಂದ ಸೇರಿಸಿಕೊಂಡಿತು. ನಮ್ಮ ಕಡೆಯೇ ಅವರಿಗಿಂತ ಮೊದಲು ಕೇರಳದ ಅಬ್ರಹಾಂ ಕೋವೂರ್ ಎಂಬ ಮಾಸ್ತರರು ಶ್ರೀಲಂಕಾದಲ್ಲಿದ್ದು, 1963ರಲ್ಲಿ ಪವಾಡ ಮಾಡಿ ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಇನಾಮು ಇಟ್ಟಿದ್ದರು. 1978ರಲ್ಲಿ ಅವರು ಸಾಯುವ ತನಕ ಆ ರೊಕ್ಕ ಯಾರೂ ಗೆಲ್ಲಲಿಲ್ಲ.

1984ರಲ್ಲಿ ಸರ್ಕಾರ ಎಚ್ಚೆನ್ ಅವರಿಗೆ ಪದ್ಮಭೂಷಣ ಕೊಟ್ಟಿತು. ಅವರು ತಮ್ಮ ಆತ್ಮಕಥೆ ಬರೆದು ಅದಕ್ಕೆ ಹೋರಾಟದ ಹಾದಿ ಎಂದು ಹೆಸರಿಟ್ಟರು. ವಯಸ್ಸಾದ ಮೇಲೂ ಹಳ್ಳಿ-ಹಳ್ಳಿಯ ಸಾಲಿಗೆ ಹೋಗಿ ಮಕ್ಕಳ ಜೊತೆ ಮಾತಾಡುತ್ತಿದ್ದರು. 2005ರ ಜನವರಿ 31ರಂದು ತೀರಿಕೊಂಡರು.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಎಚ್ಚೆನ್ ಗೆದ್ದರೇ? ಅವರ ಪತ್ರಕ್ಕೆ ಒಪ್ಪಿಗೆ ಸಿಗಲಿಲ್ಲ. ಬಾಬಾಗಳು ಕಡಿಮೆ ಆಗಲಿಲ್ಲ, ಈಗ ಟಿ.ವಿ.ಯಲ್ಲೂ ಮೊಬೈಲಿನಲ್ಲೂ ಬರುತ್ತಾರೆ. ಆದರೆ ಒಬ್ಬ ಕುಲಪತಿ ಬಹಿರಂಗವಾಗಿ ಕೇಳಿದ ಮೇಲೆ ಕೇಳುವುದು ಪಾಪವಲ್ಲ ಎಂಬುದಾದರೂ ಮಂದಿಗೆ ತಿಳಿಯಿತು. ನಮ್ಮ ಮಹಾರಾಷ್ಟ್ರದಲ್ಲಿ ಆ ಕೆಲಸ ಮಾಡಿದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಕ್ಕಿ ಕೊಂದರು. ಅವರು ವರ್ಷಗಟ್ಟಲೆ ಬೇಡಿದ ಜಾದೂಟೋಣಾ ವಿರೋಧಿ ಕಾಯ್ದೆ ಅವರ ಹೆಣ ಬಿದ್ದ ಮೇಲೆ, ಅದೇ ವರ್ಷ ಬಂತು.

ಆ ಕಾಯ್ದೆಯಲ್ಲಿ ನಮಗೆ ಬೇಕಾದ ಎರಡು ಮಾತು ಇವೆ, ನೆನಪಿಡಿರಿ. ಹಾವು, ಚೇಳು, ನಾಯಿ ಕಡಿದವರನ್ನು ದವಾಖಾನಿಗೆ ಹೋಗಗೊಡದೆ ಮಂತ್ರ, ಗಂಡಾ-ದೋರಾ ಮಾಡುವುದು ಅಪರಾಧ. ಯಾರನ್ನಾದರೂ ಕರಣಿ, ಭಾನಾಮತಿ ಮಾಡುತ್ತಾರೆ ಎಂದು ಹೆಸರು ಕೆಡಿಸಿ ತ್ರಾಸು ಕೊಡುವುದೂ ಅಪರಾಧ. ಆರು ತಿಂಗಳಿಂದ ಏಳು ವರ್ಷದ ತನಕ ಶಿಕ್ಷೆ, 5,000ದಿಂದ 50,000 ರೂಪಾಯಿ ತನಕ ದಂಡ ಇದೆ. ಇದು ನಮ್ಮ ಅಜ್ಜಿಯ ತಂಗಿಯ ಕಾಲಕ್ಕೆ ಇರಲಿಲ್ಲ. ನಿಮ್ಮ ಕಾಲಕ್ಕೆ ಇದೆ.

ಹಾವಿನ ಮಾತು ಬಂತು, ಹೇಳಿಬಿಡುತ್ತೇನೆ. ಮಂತ್ರಕ್ಕೆ ಹಾವು ಕಡಿದವರು ಉಳಿದದ್ದನ್ನು ನೀವು ಕಣ್ಣಾರೆ ನೋಡಿರಬಹುದು. ನಮ್ಮ ಹೊಲದಲ್ಲಿ ಕಾಣುವ ಬಹಳಷ್ಟು ಹಾವುಗಳಿಗೆ ವಿಷವೇ ಇಲ್ಲ. ವಿಷದ ಹಾವೂ ಒಮ್ಮೊಮ್ಮೆ ವಿಷ ಬಿಡದೆ ಕಡಿಯುತ್ತದೆ. ಅವರು ಮಂತ್ರ ಹಾಕದಿದ್ದರೂ ಉಳಿಯುತ್ತಿದ್ದರು, ಹೆಸರು ಮಾತ್ರ ಮಂತ್ರದವನಿಗೆ ಬಂತು. ಖರೇ ನಾಗರಹಾವು ವಿಷ ಬಿಟ್ಟರೆ ಸರಕಾರಿ ದವಾಖಾನಿಯ ಇಂಜೆಕ್ಷನ್ ಬಿಟ್ಟು ಬೇರೆ ದಾರಿ ಇಲ್ಲ. ಅಂಗಾರಾ ಹಚ್ಚುವುದರಲ್ಲಿ ಕಳೆದ ಒಂದು ತಾಸು ಎಂದರೆ ಒಂದು ಜೀವ.

ಇನ್ನೊಂದು ಮಾತನ್ನು ನಮ್ಮ ಭಾಗದವರು ಮರೆಯಬಾರದು. 1993ರ ಸೆಪ್ಟೆಂಬರ್ 30. ಗಣಪತಿ ಕಳಿಸಿ ಬಂದು ಎಲ್ಲರೂ ಮಲಗಿದ್ದರು. ನಸುಕಿನ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಕಿಲ್ಲಾರಿ, ಸಾಸ್ತೂರ ಕಡೆ ಕಲ್ಲು-ಮಣ್ಣಿನ ಮನೆಗಳು ಮಲಗಿದವರ ಮೇಲೆ ಕುಸಿದವು. ಹತ್ತು ಸಾವಿರದ ಹತ್ತಿರ ಮಂದಿ ಸತ್ತರು. ಅಂದು ಈ ಸೀಮೆಯಲ್ಲಿ ಮೈಯಾಗ ದೇವರು ಬರುವವರಿಗೆ, ಅಕ್ಕಿಕಾಳು ಎಣಿಸುವವರಿಗೆ, ಪಂಚಾಂಗ ತೆಗೆಯುವವರಿಗೆ ಕೊರತೆ ಇರಲಿಲ್ಲ. ಕಳೆದ ಕುರಿ ಎಲ್ಲಿದೆ ಎಂದು ಹೇಳುವವರು ಇದ್ದರು. ಇಂದು ರಾತ್ರಿ ಹೊರಗೆ ಮಲಗಿರಿ ಎಂದು ಹೇಳಿದವನು ಒಬ್ಬನೂ ಇರಲಿಲ್ಲ.

ಗೆಳೆಯರೇ, ದೇವರಿಷಿಯನ್ನು ಬೈದು ಬರುವುದು ಸುಲಭ, ಅದರಿಂದ ಏನೂ ಆಗುವುದಿಲ್ಲ. ನಮ್ಮ ಅವ್ವಂದಿರು ಅವನ ಹತ್ತಿರ ಹೋಗುವುದು ಹುಚ್ಚಿಗಲ್ಲ. ದವಾಖಾನಿ ದೂರ ಇರುತ್ತದೆ, ಅಲ್ಲಿ ಮಾತಾಡಿಸುವವರು ಇರುವುದಿಲ್ಲ, ಕೈಯಲ್ಲಿ ರೊಕ್ಕ ಇರುವುದಿಲ್ಲ. ದೇವರಿಷಿ ಮನೆ ಬಾಗಿಲಲ್ಲೇ ಇರುತ್ತಾನೆ, ಅವರ ದುಃಖ ಕೂತು ಕೇಳುತ್ತಾನೆ. ಅವ್ವನ ಜೊತೆ ದವಾಖಾನಿಗೆ ಹೋಗಿ, ಚೀಟಿ ಮಾಡಿಸಿ, ಡಾಕ್ಟರ ಹೇಳಿದ್ದನ್ನು ಆಕೆಗೆ ಕನ್ನಡದಲ್ಲಿ ತಿಳಿಸಿ ಹೇಳುವ ಒಬ್ಬ ಹುಡುಗ ಪ್ರತಿ ಮನೆಗೆ ಇದ್ದರೆ ಅರ್ಧ ದೇವರಿಷಿಗಳು ತಾವಾಗಿಯೇ ಬೇರೆ ಕಸಬು ಹುಡುಕುತ್ತಾರೆ.

ಈ ವರ್ಷದ ವಾರ್ಷಿಕೋತ್ಸವದ ರಾತ್ರಿ ಸಂಘದ ಹುಡುಗರು ನಿಮ್ಮ ಮುಂದೆ ಕೆಲವು ಪವಾಡ ಮಾಡುತ್ತಾರೆ. ಲಿಂಬೆಕಾಯಿ ಕೊಯ್ದರೆ ರಕ್ತ ಬರುತ್ತದೆ, ಚಾಕುವಿಗೆ ಮೊದಲೇ ದಾಸವಾಳ ಹೂವಿನ ರಸ ಹಚ್ಚಿ ಒಣಗಿಸಿರುತ್ತೇವೆ, ಅದು ಹುಳಿಗೆ ಕೆಂಪಾಗುತ್ತದೆ. ಬರಿಗೈಯಲ್ಲಿ ಅಂಗಾರಾ ಬರುತ್ತದೆ, ಗಂಜಿಯಲ್ಲಿ ಕಲಸಿ ಒಣಗಿಸಿದ ಬೂದಿಯ ಗುಳಿಗೆ ಹೆಬ್ಬೆರಳ ಸಂದಿಯಲ್ಲಿರುತ್ತದೆ. ಮಾಡಿ ತೋರಿಸಿ, ಹೆಂಗ ಮಾಡಿದೆವು ಅಂತ ಅಲ್ಲೇ ಬಿಡಿಸಿ ಹೇಳುತ್ತೇವೆ. ಹಿರಿಯರು ಮುಂದಿನ ಸಾಲಿಗೆ ಬಂದು ಕೂಡಬೇಕು, ಕೈ ಹಿಡಿದು ನೋಡಬೇಕು, ಅಂಗಿಯ ತೋಳು ಬಿಚ್ಚಿಸಬೇಕು. ಎಚ್ಚೆನ್ ಅವರು ಕೇಳಿದ್ದೂ ಇಷ್ಟೇ ಆಗಿತ್ತು.

ಮತ್ತೆ ನಿಮ್ಮ ಓಣಿಯಲ್ಲಿ ಒಂಟಿಯಾಗಿರುವ ಮುದುಕಿ ಯಾರಾದರೂ ಇದ್ದರೆ, ಆಕೆಯ ಬಗ್ಗೆ ಗುಸುಗುಸು ಇದ್ದರೆ, ಅಂದು ಆಕೆಯನ್ನು ನಿಮ್ಮ ಜೊತೆಗೆ ಕರೆದುಕೊಂಡು ಬರ್ರಿ. ನಮ್ಮ ಅಜ್ಜಿಯ ತಂಗಿಗೆ ನಾವು ಆ ಮಾತು ಹೇಳಲಿಲ್ಲ.

ಜೈ ಭೀಮ್.